ಆರು ಮೊಳದ ಕಾಲುವೆ, ಒಂದು ಮೊಳದ ಸೇತುವೆ

ನಾನೂ ನನ್ನ ವಾರಗಿತ್ತಿ ಸಿದ್ದಮ್ಮನೂ ಒಂದೇ ಬಸ್ಸಿಗೆ ಕಾದು ನಿಂತದ್ದು ಎರಡು ವರ್ಷದಲ್ಲಿ ಅದೇ ಮೊದಲು. ಅವಳು ಮುಳ್ಳೂರಿನ ಅರಳಿಕಟ್ಟೆಯ ಮೇಲೆ ಊರುಗೋಲು ಹಿಡಿದು ಕುಂತಿದ್ದಳು. ನಾನು ರಸ್ತೆಯ ಈಚೆ ನಿಂತಿದ್ದೆ. ಬೆಳಗಿನ ಏಳು ಗಂಟೆ, ಚಳಿ ಇನ್ನೂ ಬಿಟ್ಟಿರಲಿಲ್ಲ. ಇಬ್ಬರ ಚೀಲದಲ್ಲೂ ಎರಡೆರಡು ಸೀರೆ, ಒಂದೊಂದು ಕುಡುಗೋಲು. ಕುಡುಗೋಲು ತನ್ನಿ ಎಂದು ಕರೆದವರೇ ಹೇಳಿದ್ದರು.

ನಮ್ಮೂರ ಹೆಂಗಸರ ಸಂಘದವರಿಗೆ ಈ ಕಥೆ ಗೊತ್ತು. ಬೇರೆ ಊರಿನ ಸಂಘಗಳಲ್ಲೂ ಇದನ್ನು ಓದುತ್ತಾರೆ ಎಂದು ಅಧ್ಯಕ್ಷೆ ಹೇಳಿದ್ದರಿಂದ ಮೊದಲಿಂದ ಬರೆಯುತ್ತೇನೆ. ನಮ್ಮೂರಿಗೂ ಹಿಪ್ಪುನೇರಳೆ ತೋಟಗಳಿಗೂ ನಡುವೆ ಒಂದು ಕಾಲುವೆ ಇದೆ. ಆರು ಮೊಳ ಅಗಲ, ಎದೆಯುದ್ದ ಆಳ, ತಳಕ್ಕೆ ಕಲ್ಲು ಹಾಸಿದ್ದಾರೆ. ಅದಕ್ಕೆ ಬಿದಿರಿನ ಸೇತುವೆ ಕಟ್ಟಿದವಳು ನಾನು. ರೇಷ್ಮೆಹುಳ ಸಾಕುವ ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಮೊರ, ಮಂಕರಿ ಹೆಣೆಯುವುದು ನನ್ನ ಕೆಲಸ. ಮದುವೆಗೆ ಮುಂಚಿನಿಂದ ಬಿದಿರು ಸೀಳುತ್ತಿದ್ದೇನೆ. ಹಾಗಾಗಿ ಸೇತುವೆಗೂ ನನ್ನನ್ನೇ ಕರೆದರು. ದಪ್ಪ ಬಿದಿರು ಸೀಳಿ, ದಬ್ಬೆಗಳನ್ನು ಸಾಲಾಗಿ ಹಾಸಿ, ತೆಂಗಿನ ಹಗ್ಗದಲ್ಲಿ ಬಿಗಿದೆ. ಕಾಲು ಜಾರಬಾರದೆಂದು ಮೇಲೆ ಹಳೆಯ ಚಾಪೆ ಹಾಸಿ ಮಣ್ಣು ಮೆತ್ತಿದೆ.

ನಾಲ್ಕು ತಿಂಗಳು ನಿಂತಿತ್ತು. ಆಮೇಲೆ ಒಂದು ಬೆಳಗ್ಗೆ ಸಿದ್ದಮ್ಮ ಸೊಪ್ಪು ಹೊತ್ತು ಬರುವಾಗ ನಟ್ಟನಡುವೆ ಮುರಿಯಿತು. ಅವಳು ಕಲ್ಲಿನ ಮೇಲೆ ಬಿದ್ದಳು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಒಬ್ಬರು ಒಂದೇ ಹೊರೆ ಹೊತ್ತು ದಾಟಬೇಕು ಎಂದು ನಾನು ಎಲ್ಲರಿಗೂ ಹೇಳಿದ್ದೆ. ಅವಳು ಎರಡು ಹೊತ್ತಿದ್ದಳು, ಅದಕ್ಕೇ ಮುರಿಯಿತು ಎಂದು ನಾನು. ಒಂದೇ ಹೊತ್ತಿದ್ದೆ, ನಿನ್ನ ಕೈಕೆಲಸವೇ ಕೆಟ್ಟದ್ದು ಎಂದು ಅವಳು. ಸೊಪ್ಪು ನೀರಿನಲ್ಲಿ ಹೋಯಿತು. ಮುರಿದ ದಬ್ಬೆ ಯಾರದೋ ಒಲೆಗೆ ಹೋಯಿತು. ಅವತ್ತು ನನಗೂ ಒಳ್ಳೆಯ ದಿನವಾಗಿರಲಿಲ್ಲ. ಕೆಂಪಯ್ಯನ ಆಡುಗಳು ನನ್ನ ತೋಟಕ್ಕೆ ನುಗ್ಗಿ ಎರಡು ಸಾಲು ಬೋಳು ಮಾಡಿದ್ದವು. ಅವನ ಮನೆ ಮುಂದೆ ನಿಂತು ಜಗಳ ಆಡುತ್ತಿದ್ದಾಗಲೇ ಈ ಸುದ್ದಿ ಬಂತು.

ಈ ವರ್ಷ ಸಂಘದವರಿಗೆ ಮತ್ತೆ ಸೇತುವೆ ಬೇಕಾಯಿತು. ಸುತ್ತು ದಾರಿ ಎಂದರೆ ಹೊರೆ ಹೊತ್ತು ಎರಡು ಮೈಲಿ ಹೆಚ್ಚು ನಡೆಯಬೇಕು. ಕೌದಳ್ಳಿಯ ಹತ್ತಿರ ಮರ, ಬಿದಿರಿನ ಕಟ್ಟಡಗಳ ಚಿಕ್ಕ ಮಾದರಿ ಮಾಡಿಸಿ ಕಲಿಸುತ್ತಾರೆ, ಊಟ, ಮಲಗುವ ಜಾಗ ಅವರದೇ ಎಂದು ಪತ್ರ ಬಂದಿತ್ತು. ನಮ್ಮಿಬ್ಬರನ್ನೂ ಕಳಿಸುವುದೆಂದು ತೀರ್ಮಾನ ಮಾಡಿದರು. ಹೊಸ ಸೇತುವೆಗೆ ಸಿದ್ದಮ್ಮ ಮೊದಲು ಕಾಲಿಟ್ಟರೆ ಮಾತ್ರ ನಾವು ಇಡುತ್ತೇವೆ, ಇಲ್ಲದಿದ್ದರೆ ಇವಳು ಏನು ಕಟ್ಟಿದರೂ ಸುತ್ತು ದಾರಿಯೇ ಸರಿ ಎಂದು ನನ್ನ ಎದುರಿಗೇ ಹೇಳಿದರು. ಸರಿ ಎಂದೆ. ಇನ್ನೇನು ಹೇಳಲಿ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮಾವಾಸ್ಯೆಗೆ ಎರಡು ದಿನ ಇತ್ತು. ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಗಂಟುಮೂಟೆ ಕಟ್ಟಿಕೊಂಡು ಬೆಳಗಿನಿಂದಲೇ ಕೂತಿದ್ದರು. ಎರಡು ಬಸ್ಸು ನಮ್ಮ ಮುಂದೆಯೇ ತುಂಬಿ ಹೋದವು. ನುಗ್ಗುವುದು ನನಗೆ ಆಗುತ್ತದೆ, ಸಿದ್ದಮ್ಮನಿಗೆ ಆಗುವುದಿಲ್ಲ. ಮೂರನೆಯದಕ್ಕೆ ನಾನು ಮುಂದೆ ನುಗ್ಗಿ ಒಂದು ಸೀಟಿನ ಮೇಲೆ ಟವಲು ಹಾಕಿ ಹಿಡಿದುಕೊಂಡೆ. ಅವಳು ನಿಧಾನಕ್ಕೆ ಹತ್ತಿ ಬಂದು, ಟವಲು ಎತ್ತಿ ನನ್ನ ಕೈಗೆ ಕೊಟ್ಟು ಕುಂತಳು. ನಾನು ಕಂಬಿ ಹಿಡಿದು ನಿಂತೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ್ದರಿಂದ ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರು ಸೊನ್ನೆ ಟಿಕೆಟ್ ಹರಿದು ಕೊಟ್ಟ.

ಸಿದ್ದಮ್ಮನ ಪಕ್ಕದಲ್ಲಿ ಬೆಟ್ಟಕ್ಕೆ ಹೊರಟ ಒಬ್ಬ ಹೆಂಗಸು ಕುಂತಿದ್ದಳು. ಕಾಲಿಗೆ ಏನಾಯಿತು, ಇವರು ನಿಮ್ಮ ಅಕ್ಕನಾ ಎಂದು ಕೇಳಿದಳು.

"ಕಾಲು ಮುರಿದೋಳು ಅವ್ಳು, ಮುರಿಸ್ಕಂಡೋಳು ನಾನು" ಎಂದಳು ಸಿದ್ದಮ್ಮ, ಕಿಟಕಿಯ ಕಡೆ ನೋಡುತ್ತಾ.

"ಎರಡು ಒರೆ ಒತ್ಕಂಡು ಬಂದ್ಯಲ್ಲ, ಅದೂ ಹೇಳು" ಎಂದೆ.

ಆ ಹೆಂಗಸು ಬೆಟ್ಟ ಬರುವವರೆಗೆ ಬಾಯಿ ಬಿಡುವುದಿಲ್ಲವೆಂದು ಹರಕೆ ಹೊತ್ತವಳ ಹಾಗೆ ಸುಮ್ಮನಾದಳು.

ಕೊಳ್ಳೇಗಾಲದಿಂದ ಹನೂರಿಗೆ ಇಪ್ಪತ್ತೈದು ಕಿಲೋಮೀಟರು ಇರಬಹುದು, ಒಂದು ಗಂಟೆ ಹಿಡಿಯಿತು. ಹನೂರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಸಿದ್ದಮ್ಮ ಇಳಿಯಲಿಲ್ಲ. ನಾನು ಇಳಿದು ಎರಡು ಟೀ ತೆಗೆದುಕೊಂಡು ಒಂದನ್ನು ಕಿಟಕಿಯಿಂದ ಕೊಟ್ಟೆ. ಅವಳು ಕುಡಿದು, ಪಕ್ಕದವಳಿಗೆ, "ಆಯಮ್ಮನಿಗೆ ಹೇಳಿ, ಸಕ್ಕರೆ ಕಮ್ಮಿ ಆಗ್ಯದೆ" ಎಂದಳು. ಆಯಮ್ಮ ಎಂದರೆ ನಾನು. ಹನೂರು ದಾಟಿದ ಮೇಲೆ ಬಲಕ್ಕೂ ಎಡಕ್ಕೂ ಬೆಟ್ಟಸಾಲು ಹತ್ತಿರ ಬಂತು. ಕಾಲ್ನಡಿಗೆಯ ಭಕ್ತರು ರಸ್ತೆಯ ಅಂಚಿನಲ್ಲಿ ಸಾಲಾಗಿ ಹೋಗುತ್ತಿದ್ದರು. ಬಿಸಿಲು ಏರಿತ್ತು. ಕೌದಳ್ಳಿಯಲ್ಲಿ ಇಳಿದು ಆಟೋದವನಿಗೆ ನಲವತ್ತು ರೂಪಾಯಿ ಕೊಟ್ಟೆವು. ಅಲ್ಲಿಂದ ಮಣ್ಣು ರಸ್ತೆ. ಹಳ್ಳ ಬಂದಾಗಲೆಲ್ಲ ಸಿದ್ದಮ್ಮ ಕಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

ಕಲಿಸುವ ಜಾಗ ಎಂದರೆ ಒಂದು ಉದ್ದನೆಯ ಚಪ್ಪರ. ಒಂದು ಕಬ್ಬಿಣದ ತುಂಡೂ ಇರಲಿಲ್ಲ, ಎಲ್ಲ ಮರದ್ದು. ನಮ್ಮನ್ನು ಬಿಟ್ಟು ಆರು ಜನ ಬಂದಿದ್ದರು. ಕಲಿಸುವವರು ನಂಜುಂಡಾಚಾರಿ, ಯಳಂದೂರಿನ ಬಡಗಿ, ಐವತ್ತು ದಾಟಿದವರು, ಎಡಗೈಯಲ್ಲಿ ಎರಡು ಬೆರಳಿಲ್ಲ. ಊಟಕ್ಕೆ ಮುದ್ದೆ, ಉಪ್ಪೆಸರು. ಚೆನ್ನಾಗಿತ್ತು, ಖಾರ ಸ್ವಲ್ಪ ಮುಂದು.

ಊಟದ ಮೇಲೆ ಆಚಾರಿ ನಾಲ್ಕು ರಾಶಿ ತೋರಿಸಿದರು. ಬೀಟೆ, ಹೊನ್ನೆ ನನ್ನ ಹತ್ತಿರ ಕೇಳಬೇಡಿ ಎಂದರು. ಕಡಿದ ಮೇಲೆ ಮೊಮ್ಮಕ್ಕಳ ಕಾಲಕ್ಕೂ ಬೆಳೆಯದ ಮರ ಅವು. ಮೊದಲನೆಯ ರಾಶಿ ಲಾಂಟಾನ ಕಡ್ಡಿ. ಅದು ಬೆಟ್ಟದ ಕಾಡನ್ನೆಲ್ಲ ಮುಚ್ಚಿದೆ, ತೆಗೆದಷ್ಟೂ ಕಾಡಿಗೆ ಒಳ್ಳೆಯದು. ಎರಡನೆಯದು ಹೆಬ್ಬೇವು. ಹೊಲದ ಬದುವಿಗೆ ನೆಟ್ಟರೆ ಏಳೆಂಟು ವರ್ಷಕ್ಕೆ ಕಂಬ. ಮೂರನೆಯದು ಸಿಲ್ವರ್ ಓಕ್. ನಾಲ್ಕನೆಯದು ಬಿದಿರು. ಮೂರು ವರ್ಷ ದಾಟಿದ ಗಳ ಮಾತ್ರ, ಅದೂ ಕೃಷ್ಣಪಕ್ಷದಲ್ಲಿ ಕಡಿಯಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎಂದರು. ಅದು ನನಗೆ ಅವರು ಹುಟ್ಟುವುದಕ್ಕೆ ಮುಂಚೆಯೇ ಗೊತ್ತಿತ್ತು.

ಆಮೇಲೆ ಒಬ್ಬೊಬ್ಬರಿಗೂ ಒಂದು ಹಿಡಿ ಕಡ್ಡಿ, ನೂಲು, ಗೋಂದು ಕೊಟ್ಟರು. ನೀವು ಊರಲ್ಲಿ ಕಟ್ಟಬೇಕಾದ್ದನ್ನು ಇಲ್ಲಿ ಆರರಲ್ಲಿ ಒಂದು ಪಾಲು ಕಟ್ಟಿ ಎಂದರು. ನಮ್ಮ ಆರು ಮೊಳದ ಕಾಲುವೆಗೆ ಒಂದು ಮೊಳದ ಸೇತುವೆ. ಆಟದ ಸಾಮಾನು ಮಾಡಲು ಇಷ್ಟು ದೂರ ಬರಬೇಕಿತ್ತಾ ಎಂದು ನಾನು ಕೇಳಿಯೇ ಬಿಟ್ಟೆ.

"ದೊಡ್ಡದು ಮುರಿಯೋಕೆ ಮುಂಚೆ ಚಿಕ್ಕದ ಮುರೀರಿ, ಅಷ್ಟೇ ಕಣಮ್ಮ ವಿದ್ಯೆ" ಎಂದರು ಆಚಾರಿ. "ಕಡ್ಡಿ ಮುರಿದ್ರೆ ಕಾಲು ಉಳೀತದೆ."

ಅವರಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ಸಿದ್ದಮ್ಮ ಊರುಗೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದಳು.

ಅವತ್ತು ಸಂಜೆಯೊಳಗೆ ನಾನು ಕಟ್ಟಿದ ಮೊದಲ ಸೇತುವೆ ಪಕ್ಕಕ್ಕೆ ವಾಲಿ ಮಲಗಿತು. ಎರಡನೆಯದೂ ಮಲಗಿತು. ನನ್ನ ಪಕ್ಕದಲ್ಲಿ ಹನೂರಿನ ಕಡೆಯ ಮಾದೇಶ ಎಂಬುವನು ಆಡಿನ ಕೊಟ್ಟಿಗೆಯ ಮಾದರಿ ಮಾಡುತ್ತಿದ್ದ. ಅಜ್ಜಿಯ ಸೇತುವೆಗೆ ನಿದ್ದೆ ಹೆಚ್ಚು ಎಂದ. ನಿನ್ನ ಕೊಟ್ಟಿಗೆಗೆ ಬಾಗಿಲು ಗಟ್ಟಿಯಾಗಿ ಇಡು, ಆಡು ಸಾಕುವವರ ಸಹವಾಸ ನನಗೆ ಚೆನ್ನಾಗಿ ಗೊತ್ತು ಎಂದೆ. ಸಿದ್ದಮ್ಮ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು. ಆಗ ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಆಚಾರಿ ಬಂದು ನಾಲ್ಕು ಕಡ್ಡಿಯ ಚೌಕ ಕಟ್ಟಿ ನನ್ನ ಕೈಗೆ ಕೊಟ್ಟರು. ತಳ್ಳಿದರೆ ಅತ್ತ ಇತ್ತ ಓಲಾಡಿತು. ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟಿದರು. ಕಲ್ಲಿನ ಹಾಗೆ ನಿಂತಿತು. ಚೌಕ ಓಲಾಡುತ್ತದೆ, ಮುಕ್ಕೋಣ ಓಲಾಡುವುದಿಲ್ಲ. ಮರವನ್ನು ದಪ್ಪ ಮಾಡುವುದಲ್ಲ, ಆಕಾರ ಸರಿ ಮಾಡಿದರೆ ತೆಳ್ಳಗಿನದೇ ಹೊರುತ್ತದೆ, ಮರವೂ ಕಡಿಮೆ ಸಾಕು ಎಂದರು. ಇಷ್ಟು ವಯಸ್ಸಿಗೆ ಹೊಸದೊಂದು ತಿಳಿದದ್ದು ಅವತ್ತೇ. ಸಿದ್ದಮ್ಮ ನೂಲಿನಲ್ಲಿ ಅಳತೆ ಹಿಡಿದು ಕಡ್ಡಿ ಕತ್ತರಿಸಿ ಕೊಡುತ್ತಿದ್ದಳು. ನನ್ನ ಕೈಗೆ ಕೊಡಲಿಲ್ಲ, ಮಣೆಯ ಮೇಲೆ ಇಡುತ್ತಿದ್ದಳು. ಅಳತೆ ಒಂದು ಕೂದಲೂ ಆಚೀಚೆ ಇರಲಿಲ್ಲ. ಅದನ್ನು ಒಪ್ಪಬೇಕು.

ಎರಡನೆಯ ದಿನ ಬಿದಿರಿನ ಪಾಠ. ಬಿದಿರಿನ ವಿಷಯ ನನಗೇನು ಹೇಳುತ್ತಾರೆ ಎಂದು ಕಾಲು ಚಾಚಿ ಕುಂತೆ.

ಆಚಾರಿ ಒಂದೇ ಗಳದಿಂದ ಒಂದೇ ದಪ್ಪದ ಎರಡು ದಬ್ಬೆ ಸೀಳಿದರು. ಒಂದನ್ನು ಹಸಿರು ಸಿಪ್ಪೆ ಹೊರಕ್ಕೆ ಬರುವ ಹಾಗೆ ಬಗ್ಗಿಸಿದರು. ಬಿಲ್ಲಿನ ಹಾಗೆ ಬಗ್ಗಿತು, ಮುರಿಯಲಿಲ್ಲ. ಇನ್ನೊಂದನ್ನು ಸಿಪ್ಪೆ ಒಳಕ್ಕೆ, ಬಿಳಿ ತಿರುಳು ಹೊರಕ್ಕೆ ಇಟ್ಟು ಬಗ್ಗಿಸಿದರು. ಅರ್ಧ ದಾರಿಗೆ ಚಟ್ ಎಂದಿತು.

ಬಿದಿರಿನ ಗಟ್ಟಿ ನಾರೆಲ್ಲ ಸಿಪ್ಪೆಯಲ್ಲಿದೆ, ಎಳೆತ ತಡೆಯುವುದು ಅದೇ ಎಂದರು. ಹಾಸಿದ ದಬ್ಬೆಯ ಮೇಲೆ ಭಾರ ಬಿದ್ದಾಗ ಎಳೆತ ಬರುವುದು ಕೆಳಮೈಗೆ. ಅದಕ್ಕೆ ಭಾರ ಹೊರುವ ದಬ್ಬೆಗೆ ಸಿಪ್ಪೆ ಕೆಳಗಿರಬೇಕು.

ನಾನು ಕಾಲು ಮಡಚಿ ಕುಂತೆ.

ಮೊರದ ಅಂಚಿಗೆ ದಬ್ಬೆ ಬಗ್ಗಿಸುವಾಗ ನಾನು ಯಾವಾಗಲೂ ಸಿಪ್ಪೆಯನ್ನು ಹೊರಕ್ಕೆ ಇಡುತ್ತೇನೆ. ಇಲ್ಲದಿದ್ದರೆ ಮುರಿಯುತ್ತದೆ ಎಂದು ಅವ್ವ ಕಲಿಸಿದ್ದಳು. ಆದರೆ ಹುಳದ ತಟ್ಟೆಗೆ ದಬ್ಬೆ ಹಾಸುವಾಗ ಸಿಪ್ಪೆ ಮೇಲೆ. ಹುಳದ ಹೊಟ್ಟೆಗೆ ಸಿಬರು ಚುಚ್ಚಬಾರದು, ಹಿಕ್ಕೆ ಗುಡಿಸಿದರೆ ಜಾರಿ ಹೋಗಬೇಕು. ಹಾಸುವ ಕೆಲಸ ಎಂದರೆ ನನ್ನ ಕೈ ತಾನಾಗಿ ಸಿಪ್ಪೆಯನ್ನು ಮೇಲಕ್ಕೆ ತಿರುಗಿಸುತ್ತದೆ. ಕಾಲುವೆಗೆ ದಬ್ಬೆ ಹಾಸಿದಾಗ ನನ್ನ ಕೈ ಹುಳದ ತಟ್ಟೆಯನ್ನೇ ಹಾಸಿತ್ತು. ಒಂದಲ್ಲ, ಎಲ್ಲ ದಬ್ಬೆಗಳನ್ನೂ. ಅದರ ಮೇಲೆ ಚಾಪೆ, ಮಣ್ಣು ಹಾಕಿದ್ದರಿಂದ ಯಾರೂ ನೋಡಿರಲಿಲ್ಲ. ನೋಡಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದವಳು ನಾನೊಬ್ಬಳೇ.

ಅಷ್ಟರಲ್ಲಿ ಮಾದೇಶ ಬಿದಿರಿನ ಮೇಲೆ ಮಣ್ಣು ಹಾಕಬಹುದಾ ಎಂದು ಕೇಳಿದ. ಹಾಕಿದರೆ ತೇವ ಹಿಡಿದು ನಾಲ್ಕೈದು ತಿಂಗಳಿಗೆ ಮೆತ್ತಗಾಗುತ್ತದೆ ಎಂದರು ಆಚಾರಿ. ಅದೂ ಆಯಿತು.

ಮಧ್ಯಾಹ್ನ ಅರ್ಧ ಮುದ್ದೆ ಎಲೆಯಲ್ಲೇ ಬಿಟ್ಟೆ. ಸಿದ್ದಮ್ಮ ನನ್ನ ಎದುರಿಗೆ ಕುಂತು ಪೂರ್ತಿ ಉಂಡಳು. ಅವಳಿಗೆ ಏನೂ ಗೊತ್ತಾಗಿಲ್ಲ ಎಂದುಕೊಂಡೆ. ಹೇಳಬೇಕಾ ಬೇಡವಾ ಎಂದು ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಬಾರದು ಎಂದೇ ಇದ್ದೆ. ಇನ್ನು ಮೇಲೆ ಸರಿಯಾಗಿ ಹಾಸಿದರೆ ಸಾಕು, ಹಳೆಯದನ್ನು ಕೆದಕಿ ಯಾರ ಕಾಲು ನೆಟ್ಟಗಾಗಬೇಕು ಎಂದುಕೊಂಡೆ. ಸಂಜೆಯವರೆಗೆ ಹೊಸ ಮಾದರಿ ಕಟ್ಟಿದೆ. ಎರಡು ಪಕ್ಕಕ್ಕೂ ಹೆಬ್ಬೇವಿನ ಕಡ್ಡಿಯ ಮುಕ್ಕೋಣಗಳು, ನಡುವೆ ಸಿಪ್ಪೆ ಕೆಳಗಾಗಿ ಬಿದಿರು, ಕಾಲು ಜಾರದಂತೆ ಅಡ್ಡಕ್ಕೆ ಲಾಂಟಾನ ಕಡ್ಡಿ. ಮಣ್ಣಿಲ್ಲ. ಈ ಸಲ ಅದು ಮಲಗಲಿಲ್ಲ.

ಮೂರನೆಯ ದಿನ ಅಮಾವಾಸ್ಯೆ. ದೂರದ ರಸ್ತೆಯಲ್ಲಿ ಬೆಟ್ಟದ ಬಸ್ಸುಗಳ ಹಾರನ್ನು ನಿಲ್ಲಲೇ ಇಲ್ಲ. ಅವತ್ತು ಎಲ್ಲರ ಮಾದರಿಗೂ ಭಾರ ಹಾಕುವ ದಿನ. ಎರಡು ಕಲ್ಲಿನ ನಡುವೆ ಮಾದರಿ ಇಟ್ಟು, ಕೆಳಗೆ ಒಂದು ಡಬ್ಬ ನೇತುಹಾಕಿ, ಲೋಟದಿಂದ ಮರಳು ಸುರಿಯುವುದು. ನಮ್ಮ ಸೇತುವೆಯ ಲೆಕ್ಕಕ್ಕೆ ಹತ್ತು ಲೋಟ ಎಂದರೆ ಒಬ್ಬ ಹೆಂಗಸು, ಮೇಲೆ ನಾಲ್ಕು ಲೋಟ ಎಂದರೆ ಒಂದು ಹೊರೆ ಸೊಪ್ಪು ಎಂದು ಆಚಾರಿ ಹೇಳಿದರು. ಮಾದೇಶನ ಕೊಟ್ಟಿಗೆಯ ಮಾಡು ಬೇಗ ಕುಸಿಯಿತು. ನಮ್ಮ ಸರದಿ ಬಂದಾಗ ನಾನು ಹೊಸ ಮಾದರಿ ಎತ್ತಿಕೊಂಡು ಎದ್ದೆ.

ಸಿದ್ದಮ್ಮ ಕುಂತಲ್ಲಿಂದಲೇ ಊರುಗೋಲು ಅಡ್ಡ ಹಿಡಿದಳು. ಮೂರು ದಿನದಲ್ಲಿ ಅವಳು ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ್ದು ಆಗಲೇ.

"ಒಸದು ಆಮೇಲೆ. ಮೊದ್ಲು ಹಳೇದ ಮಾಡ್ಸಿ ಸಾ. ಆವತ್ತು ಎಂಗೆ ಕಟ್ಟಿದ್ಲೋ ಅಂಗೇ. ಒಂದು ಒರೆ ತಡೆದು ಎರಡಕ್ಕೆ ಮುರಿದ್ರೆ ತಪ್ಪು ನಂದು, ಊರಲ್ಲಿ ಒಪ್ಕತೀನಿ. ಒಂದಕ್ಕೇ ಮುರಿದ್ರೆ ಅವ್ಳು ಒಪ್ಕಬೇಕು."

ಆಚಾರಿಗೆ ಆಗ ವಿಷಯ ತಿಳಿಯಿತು. ನನ್ನ ಮುಖ ನೋಡಿದರು. ಮಾಡುತ್ತೀರಾ ಎಂದು ಕೇಳಿದರು. ಎಂಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ. ಮೊದಲೇ ತೇವದಲ್ಲಿ ಬಿದ್ದಿದ್ದ ಒಂದು ಗಳದಿಂದ ಅವರೇ ದಬ್ಬೆ ಸೀಳಿ ಕೊಟ್ಟರು, ನಾಲ್ಕು ತಿಂಗಳು ಮಣ್ಣಿನ ಕೆಳಗಿದ್ದದ್ದಕ್ಕೆ ಅದು ಸರಿಹೋಗುತ್ತದೆ ಎಂದು.

ನಾನು ಮಣೆಯ ಮುಂದೆ ಕುಂತೆ. ಕೈ ಎಂದಿನಂತೆ ಮೊದಲ ದಬ್ಬೆಯ ಸಿಪ್ಪೆಯನ್ನು ಮೇಲಕ್ಕೆ ತಿರುಗಿಸಿತು. ನಾನು ಅದನ್ನು ಕೆಳಕ್ಕೆ ತಿರುಗಿಸಿದೆ. ಎರಡನೆಯದನ್ನೂ ಸಿಪ್ಪೆ ಕೆಳಗೆ ಮಾಡಿ ಇಟ್ಟೆ, ಮೂರನೆಯದನ್ನೂ. ಆರೂ ಹಾಸಿ ನೂಲು ಬಿಗಿದೆ. ಅವತ್ತು ಹೇಗೆ ಹಾಸಿದ್ದೆ ಎಂಬುದಕ್ಕೆ ಸಾಕ್ಷಿ ಇಲ್ಲ. ಇದು ಒಂದು ಹೊರೆ ತಡೆದರೆ ಸಿದ್ದಮ್ಮ ಊರಿನ ಮುಂದೆ ತಪ್ಪು ಒಪ್ಪುತ್ತಾಳೆ. ಸಂಘದವರು ನನ್ನನ್ನು ನಂಬುತ್ತಾರೆ. ಸೇತುವೆ ಆಗುತ್ತದೆ. ಹೊಸದನ್ನು ನಾನು ಸರಿಯಾಗಿಯೇ ಕಟ್ಟುತ್ತೇನೆ. ಯಾರಿಗೂ ನಷ್ಟವಿಲ್ಲ, ಸಿದ್ದಮ್ಮನೊಬ್ಬಳಿಗೆ ಬಿಟ್ಟು.

"ಆವತ್ತೂ ಇಂಗೇ ಹಾಸಿದ್ರಾ?" ಎಂದರು ಆಚಾರಿ. ಅನುಮಾನದಿಂದ ಕೇಳಿದ್ದಲ್ಲ. ಎಲ್ಲರನ್ನೂ ಹಾಗೇ ಕೇಳುತ್ತಿದ್ದರು.

ಹೂಂ ಎನ್ನಲು ಬಾಯಿ ತೆಗೆದೆ. ಸಿದ್ದಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದಳು. ಅವಳು ಮದುವೆಯಾಗಿ ಬಂದಾಗ ತಟ್ಟೆ ಹಾಸುವುದನ್ನು ಅವಳಿಗೆ ಕಲಿಸಿದವಳು ನಾನು. ಸಿಪ್ಪೆ ಮೇಲೆ ಕಣಮ್ಮಿ, ಸಿಪ್ಪೆ ಮೇಲೆ ಎಂದು ಕೈಗೆ ಹೊಡೆದು ಹೊಡೆದು ಕಲಿಸಿದ್ದೆ. ಎರಡನೆಯ ದಿನ ಆಚಾರಿ ದಬ್ಬೆ ಮುರಿದಾಗಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ಪೂರ್ತಿ ಮುದ್ದೆ ಉಂಡಿದ್ದಳು. ಗೊತ್ತಾಗಿಯೇ ಹಳೆಯದನ್ನು ಕಟ್ಟಿಸುತ್ತಿದ್ದಾಳೆ.

ನೂಲು ಬಿಚ್ಚಿದೆ. "ಇಲ್ಲ ಸಾ, ಅದಲುಬದಲಾಗ್ಯದೆ" ಎಂದೆ. ಆರು ದಬ್ಬೆಯನ್ನೂ ಸಿಪ್ಪೆ ಮೇಲೆ ಮಾಡಿ ಮತ್ತೆ ಕಟ್ಟಿದೆ. ಒಳ್ಳೆಯ ಬುದ್ಧಿ ಬಂದು ಬಿಚ್ಚಿದೆ ಎಂದು ಯಾರೂ ತಿಳಿಯಬೇಡಿ. ಅವಳಿಗೆ ಗೊತ್ತಿದೆ ಎಂದು ಗೊತ್ತಾದ್ದರಿಂದ ಬಿಚ್ಚಿದೆ.

ಆಚಾರಿ ಮರಳು ಸುರಿಯತೊಡಗಿದರು. ಮಾದೇಶ ಲೋಟ ಎಣಿಸಿದ. ಮೊದಲು ನಗುತ್ತಾ ಎಣಿಸುತ್ತಿದ್ದವನು ಏಳಕ್ಕೆ ಬಂದಾಗ ನಗುವುದು ನಿಲ್ಲಿಸಿದ. ಹತ್ತು. ಸೇತುವೆ ಬಾಗಿತು, ನಿಂತಿತು. ಬರಿಗೈಯ ಒಬ್ಬ ಹೆಂಗಸು ದಾಟಿದಳು ಎಂದು ಲೆಕ್ಕ. ಹನ್ನೊಂದಕ್ಕೆ ಒಳಗೆಲ್ಲೋ ಕಟಕಟ ಎಂದಿತು. ಹನ್ನೆರಡು. ಆಚಾರಿ ಕೈ ತಡೆದು ಸ್ವಲ್ಪ ಹೊತ್ತು ಕಾದರು. ಹದಿಮೂರನೆಯ ಲೋಟ ಅರ್ಧ ಸುರಿದಿದ್ದರು. ನಡುವಿನ ಎರಡು ದಬ್ಬೆ ಕೆಳಗಿನಿಂದ ಸೀಳಿಕೊಂಡವು, ಡಬ್ಬ ನೆಲಕ್ಕೆ ಬಿತ್ತು.

ಒಂದು ಹೊರೆಯೂ ಪೂರ್ತಿಯಾಗಿರಲಿಲ್ಲ.

ಆಚಾರಿ ಅದೇ ಗಳದ ಬೇರೆ ಆರು ದಬ್ಬೆ ಸೀಳಿ, ಸಿಪ್ಪೆ ಕೆಳಗಾಗಿ ಕಟ್ಟಿ ತೋರಿಸಿದರು. ಅದು ಇಪ್ಪತ್ತು ಲೋಟದವರೆಗೆ ನಿಂತಿತು. ನಮ್ಮ ಹೊಸ ಮಾದರಿಗೆ ಮೂವತ್ತು ಲೋಟ ಹಾಕಿದರೂ ಮುರಿಯಲಿಲ್ಲ, ಡಬ್ಬವೇ ತುಂಬಿಹೋಯಿತು. ಮಾದೇಶ ಚಪ್ಪಾಳೆ ಹೊಡೆದ. ನಾನು ಎಲ್ಲರ ಮುಂದೆ, "ನಂದೇ ತಪ್ಪು. ಹುಳದ ತಟ್ಟೆ ಹಾಸ್ದಂಗೆ ಹಾಸ್ಬುಟ್ಟಿದ್ದೆ" ಎಂದೆ. ಸಿದ್ದಮ್ಮನ ಮುಖ ನೋಡಿದೆ. ಗೆದ್ದವರ ಮುಖ ಹಾಗಿರುವುದಿಲ್ಲ. ಅವಳು ಎದ್ದು ಊರುಗೋಲು ಊರಿಕೊಂಡು ಚಪ್ಪರದ ಆಚೆ ಹೋದಳು.

ನಾಲ್ಕನೆಯ ದಿನ ಬೆಳಗ್ಗೆ ಚಿತ್ರಾನ್ನ ತಿಂದು ಹೊರಟೆವು. ಮಾದರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಬೆಟ್ಟದಿಂದ ಇಳಿಯುವ ಬಸ್ಸುಗಳೂ ತುಂಬಿದ್ದವು. ಕೌದಳ್ಳಿಯಲ್ಲಿ ಒಂದೂವರೆ ಗಂಟೆ ನಿಂತ ಮೇಲೆ ಒಂದು ಸಿಕ್ಕಿತು. ಸಿದ್ದಮ್ಮನಿಗೆ ಯಾರ್ಯಾರೋ ಸೀಟು ಕೊಟ್ಟರು. ಹನೂರಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಾಯಿತು. ನಾನು ನಿಂತೇ ಇದ್ದೆ. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಬಿಟ್ಟಳು. ಕುಂತೆ.

ಹನೂರು ಹಿಂದೆ ಬಿದ್ದು ತುಂಬ ಹೊತ್ತಾದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು ಅವಳು ಹೇಳಿದಳು.

"ಎರಡೇ ಒರೆ ಕಣಕ್ಕ."

ಒಂದೇ ಆಗಿದ್ದರೂ ಮುರಿಯುತ್ತಿತ್ತು, ಮರಳು ಹಾಕಿ ನೋಡಿದೆವಲ್ಲ ಎಂದೆ. ಎರಡು ವರ್ಷ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಎರಡ್ನೇದು ನಿನ್ನ ತೋಟದ್ದು. ಎರಡು ಸಾಲು ಕುಯ್ಕಂಡಿದ್ದೆ. ನನ್ನ ಹುಳ ನಾಲ್ಕನೇ ಜ್ವರ ಎದ್ದಿದ್ವು, ಸೊಪ್ಪು ಸಾಲ್ದು. ನೀನು ಕೇಳಿದ್ರೆ ಕೊಡ್ತಿರ್ನಿಲ್ಲ."

ಕೊಡುತ್ತಿರಲಿಲ್ಲ, ನಿಜ. ನಾಲ್ಕನೆಯ ಜ್ವರ ಎದ್ದ, ಎಂದರೆ ಕಡೆಯ ಸಲ ಪೊರೆ ಬಿಟ್ಟ ಹುಳಕ್ಕೆ ರಾತ್ರಿ ಹಗಲು ಸೊಪ್ಪು ಬೇಕು, ಆಗ ಯಾರೂ ಯಾರಿಗೂ ಒಂದು ಎಲೆ ಬಿಟ್ಟುಕೊಡುವುದಿಲ್ಲ. ನಾನು ಕೆಂಪಯ್ಯನನ್ನು ನೆನೆದೆ. ಆಡು ತಿಂದಿದ್ದರೆ ಕಡ್ಡಿಯ ತುದಿ ಜಗಿದ ಹಾಗಿರುತ್ತದೆ. ಕುಡುಗೋಲು ಬಿದ್ದಿದ್ದರೆ ಓರೆಯಾಗಿ ಕೊಯ್ದಿರುತ್ತದೆ. ಬಗ್ಗಿ ಒಂದು ಕಡ್ಡಿ ನೋಡಿದ್ದರೆ ತಿಳಿಯುತ್ತಿತ್ತು. ನೋಡಲಿಲ್ಲ, ನೇರ ಅವನ ಮನೆ ಮುಂದೆ ಹೋಗಿ ನಿಂತೆ. ಅವನಿಗೆ ಒಂದು ಮಾತು ಹೇಳಬೇಕು. ಇದನ್ನು ಅವನಿಗೆ ಓದಿ ಹೇಳಿದರೂ ಆಯಿತು.

ಇದನ್ನೆಲ್ಲ ಬರೆಯಬೇಡ ಎಂದು ಸಿದ್ದಮ್ಮ ಹೇಳಿದ್ದಳು. ನನ್ನದನ್ನು ಬರೆದ ಮೇಲೆ ಅವಳದ್ದನ್ನು ಬಿಡುವುದು ಯಾಕೆ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಮುಳ್ಳೂರಿಗೆ ಬಂದಾಗ ನಾಲ್ಕು ಗಂಟೆ. ಮನೆಗೆ ಹೋಗದೆ ಇಬ್ಬರೂ ಕಾಲುವೆಯ ಹತ್ತಿರ ಹೋದೆವು. ಅವಳು ಬಿದ್ದ ಮೇಲೆ ಅಲ್ಲಿಗೆ ಬಂದಿರಲಿಲ್ಲವಂತೆ. ನೀರು ಬಿಟ್ಟಿರಲಿಲ್ಲ. ತಳದ ಕಲ್ಲು ಒಣಗಿ ಬೆಳ್ಳಗಿತ್ತು, ಹಳೆಯ ತೆಂಗಿನ ಹಗ್ಗದ ತುಂಡೊಂದು ಅಂಚಿನ ಗೂಟಕ್ಕೆ ಇನ್ನೂ ಸುತ್ತಿಕೊಂಡಿತ್ತು. ಪೆಟ್ಟಿಗೆಯಿಂದ ಮಾದರಿ ತೆಗೆದು ದಂಡೆಯ ಮೇಲಿಟ್ಟೆ. ಆರು ಮೊಳದ ಕಾಲುವೆಯ ಮುಂದೆ ಅದು ಹುಳದ ಗೂಡಿನ ಹಾಗೆ ಕಂಡಿತು. ಮುಂದಿನ ಕೃಷ್ಣಪಕ್ಷಕ್ಕೆ ಬಿದಿರು ಕಡಿಸಿ, ಬದುವಿನ ಹೆಬ್ಬೇವು ನಾಲ್ಕು ಕಡಿಸಿದರೆ ಸಾಕು ಎಂದೆ. ಕಡಿದ ಜಾಗಕ್ಕೆ ಎಂಟು ಸಸಿ ನೆಡಬೇಕು ಎಂದಳು ಅವಳು. ಒಂದು ಕಡಿದರೆ ಎರಡು ನೆಡಿ ಎಂದು ಆಚಾರಿ ಹೇಳಿದ್ದನ್ನು ನಾನು ಮರೆತಿದ್ದೆ.

ಮೊದಲು ಕಾಲಿಡುವುದು ನೀನು, ಏನು ಹೇಳುತ್ತೀಯ ಎಂದು ಕೇಳಿದೆ. ಸಂಘಕ್ಕೆ ತಿಳಿಸಬೇಕಾದ್ದು ಅದೊಂದೇ.

ಸಿದ್ದಮ್ಮ ಊರುಗೋಲಿನಿಂದ ಕಾಲುವೆಯ ತಳ ತೋರಿಸಿದಳು.

"ಕಾಲಿಟ್ಟಾದ್ಮೇಲೆ ನೋಡಿ ಏನ್ ಬಂತು. ನೀನು ಕಟ್ಟಿ ಮುಗಿಸಿದ ದಿನ ಮೊದ್ಲು ಅಲ್ಲಿಗೆ ಇಳೀತೀನಿ. ಕೆಳಗಿಂದ ಒಂದೊಂದು ದಬ್ಬೆನೂ ನೋಡ್ತೀನಿ. ಆಮೇಲೆ ಕಾಲಿಡೋದು."

ಈ ಕಾಲಿನಲ್ಲಿ ನಿನ್ನನ್ನು ಅಷ್ಟು ಆಳಕ್ಕೆ ಇಳಿಸುವವರು ಯಾರು ಎಂದೆ.

"ಕಟ್ಟಿದೋಳು ಇಳಿಸ್ಬೇಕು" ಎಂದು ಹೇಳಿ ಅವಳು ಊರಿನ ಕಡೆ ತಿರುಗಿದಳು. ನಾನು ಗೂಟದ ಹಳೆಯ ಹಗ್ಗ ಬಿಚ್ಚಿ ಎಸೆದು, ಮಾದರಿ ಎತ್ತಿಕೊಂಡು ಅವಳ ಹಿಂದೆ ನಡೆದೆ.